ಹಳೇ ಆಲ್ಟೋ ಮುಂದಿನ ಗಾಜು: ಎರಡು ಸಲ ಹಾಕಿಸಿದವನ ಅನುಭವ

ನನ್ನದು 2009ರ ಆಲ್ಟೋ, ಊರು ಚಿಕ್ಕಬಳ್ಳಾಪುರ. ಪೇರೇಸಂದ್ರದ ಕಡೆ ಓಡಾಡುವವರಿಗೆ ಜಲ್ಲಿ ಟಿಪ್ಪರ್ ಬಗ್ಗೆ ಹೇಳಬೇಕಾಗಿಲ್ಲ. 2022ರಲ್ಲಿ ಅಂಥದ್ದೊಂದರ ಹಿಂದೆ ಹೋಗುವಾಗ ಟಪ್ ಅಂತ ಕಲ್ಲು ಬಿತ್ತು. ಗುರುತು ಕಡಲೆಕಾಳಿನಷ್ಟು. ಮಧ್ಯಾಹ್ನ ಬಿಸಿಲಲ್ಲಿ ಕಾದಿದ್ದ ಗಾಡಿಗೆ ಎಸಿ ಹಾಕಿದೆ ನೋಡಿ, ಆ ಕಡಲೆಕಾಳಿನಿಂದ ಸ್ಟೇರಿಂಗ್ ಕಡೆಗೆ ಒಂದು ಗೆರೆ ಓಡಿ ಬಂತು.

ಹೈವೇ ಪಕ್ಕದ ಒಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಹೊಸ ಗಾಜು ಕೂರಿಸಿ ಕಳಿಸಿದರು. ಕಡಿಮೆ ದುಡ್ಡು, ನಾನೂ ಖುಷಿ. ಎರಡು ದಿನ ಗಾಡಿಯೊಳಗೆ ವಿನೆಗರ್ ಥರ ಹುಳಿ ವಾಸನೆ. ಅದು ಸಿಲಿಕಾನ್ ವಾಸನೆ ಅಂತ ಆಮೇಲೆ ಗೊತ್ತಾಯಿತು. ಬಾತ್‌ರೂಮಿಗೆ ಹಾಕೋ ಅಂಟು. ಗಾಜಿನ ಭಾರ ಹಿಡಿಯೋ ಶಕ್ತಿ ಅದಕ್ಕಿಲ್ಲ, ಜೊತೆಗೆ ಆ ಹುಳಿ ತಗಡನ್ನೂ ತಿನ್ನುತ್ತದೆ. ಮರುವರ್ಷ ಮೊದಲ ಮಳೆಗೇ ಪಕ್ಕದ ಸೀಟಿನ ಮ್ಯಾಟ್ ಒದ್ದೆ.

ಈಗ ಇರುವ ಗಾಜು 2023ರ ಜೂನ್‌ನಲ್ಲಿ ಹಾಕಿಸಿದ್ದು. ಟಿಂಕರಿಂಗ್, ಅಂದರೆ ಗಾಡಿಯ ತಗಡು ರಿಪೇರಿ ಕೂಡ ಮಾಡುವ ಊರಿನದೇ ಸಣ್ಣ ಅಂಗಡಿ. ಒಬ್ಬ ಒಳಗೆ, ಒಬ್ಬ ಹೊರಗೆ ಕೂತು ತಂತಿ ಎಳೆದು ಹಳೇ ಅಂಟು ಕತ್ತರಿಸಿದರು. ಗಾಜು ಎತ್ತಿದ ಮೇಲೆ ಕೆಳಗಿನ ಎಡಮೂಲೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿದರು. ಪುಡಿಪುಡಿಯಾಗಿ ಉದುರಿತು.

"ಗಾಜು ಯಾರು ಬೇಕಾದ್ರೂ ಕೂರಿಸ್ತಾರೆ ಸಾರ್. ತುಕ್ಕಿನ ಮೇಲೆ ಅಂಟು ಹಾಕಿದ್ರೆ ತುಕ್ಕು ಅಂಟಿನ ಸಮೇತ ಎದ್ದು ಬರುತ್ತೆ."

ಗಾಡಿ ಎರಡು ದಿನ ಅಲ್ಲೇ ಉಳಿಯಿತು. ಎರಡು ಗಂಟೆ ಅಂತ ಹೇಳಿದ್ದರು, ಅದೊಂದು ಬೇಜಾರು. ಆದರೆ ತುಕ್ಕನ್ನು ಬರೀ ತಗಡು ಕಾಣುವ ತನಕ ಉಜ್ಜಿದರು, ತೂತಾಗಿದ್ದ ಕಡೆ ತೇಪೆ ಹಾಕಿದರು, ಪ್ರೈಮರ್ ಹೊಡೆದು ಒಣಗಲು ಬಿಟ್ಟರು. ಸಿಲಿಕಾನ್ ಚೂರೂ ಉಳಿಯಬಾರದಂತೆ, ಉಳಿದರೆ ಹೊಸ ಅಂಟು ಹಿಡಿಯೋದಿಲ್ಲ. ಅದನ್ನು ಕೆರೆಯೋದಕ್ಕೇ ಅರ್ಧ ದಿನ ಹೋಯಿತು. ಗಾಜಿನ ಅಂಚಿನ ಕಪ್ಪು ಪಟ್ಟಿಗೂ ಬೇರೆ ಪ್ರೈಮರ್ ಇದೆ. ಆಮೇಲೆ ಪಿಯು ಸೀಲಂಟ್, ಅಂದರೆ ಗಾಡಿ ಗಾಜಿಗೆ ಹಾಕೋ ಪಾಲಿಯುರೆಥೇನ್ ಅಂಟು. ನಾಝಲ್ ತುದಿಯನ್ನು ವಿ ಆಕಾರಕ್ಕೆ ಕತ್ತರಿಸಿ, ಚಕ್ಕುಲಿ ಒತ್ತುವ ಹಾಗೆ ಎಲ್ಲೂ ಕಡಿಯದೆ ಒಂದೇ ಎಳೆ ಸುತ್ತಲೂ. ಟ್ಯೂಬಿನ ಎಕ್ಸ್‌ಪೈರಿ ದಿನಾಂಕ ನಾನು ಕೇಳದೆಯೇ ತೋರಿಸಿದರು.

ಗಾಜಿಗೆ 3,400, ಅಂಟು ಮತ್ತು ಕೂಲಿ 1,800, ಟಿಂಕರಿಂಗ್ 2,200. ನನಗಿದ್ದದ್ದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ, ಎಲ್ಲಾ ಜೇಬಿನಿಂದಲೇ. ಫುಲ್ ಇನ್ಶೂರೆನ್ಸ್ ಇದ್ದವರಿಗೆ ಗಾಡಿ ಹಳೆಯದು ಅಂತ ಗಾಜಿನ ಮೇಲೆ ಸವಕಳಿ ಕಳೆಯೋದಿಲ್ಲ. ಆದರೂ 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ನಮ್ಮದೇ, ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿಗೂ (ನೋ ಕ್ಲೇಮ್ ಬೋನಸ್) ಪೆಟ್ಟು. ಕಾಸು ಲೆಕ್ಕ ಹಾಕಿಯೇ ಕ್ಲೇಮ್ ಮಾಡಿ.

ಆ ರಾತ್ರಿ ಗಾಡಿ ಅಂಗಡಿಯಲ್ಲೇ ಇರಲಿ ಅಂದರು. ಪಿಯು ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ, ಎಷ್ಟು ಹೊತ್ತು ಅನ್ನೋದು ಟ್ಯೂಬಿನ ಮೇಲೇ ಇರುತ್ತದೆ. ಎರಡು ದಿನ ಒಂದು ಕಿಟಕಿ ಬೆರಳಷ್ಟು ತೆರೆದಿಟ್ಟೆ. ಎಲ್ಲಾ ಮುಚ್ಚಿ ಬಾಗಿಲು ಧಡ್ ಅಂತ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ. ಇರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು: ಪಕ್ಕದ ಸೀಟಿನ ಬ್ಯಾಗ್ ಉಬ್ಬುವಾಗ ಈ ಗಾಜಿಗೇ ಒರಗುತ್ತದೆ.

ಎರಡೂವರೆ ವರ್ಷ, ಮೂರು ಮಳೆಗಾಲ. ಹನಿ ನೀರು ಒಳಗೆ ಬಂದಿಲ್ಲ. ದೂರುಗಳಿವೆ. ಹಳೇ ಗಾಜಿನ ಮೇಲಂಚಿನಲ್ಲಿದ್ದ ಹಸಿರು ನೆರಳಿನ ಪಟ್ಟಿ ಇದರಲ್ಲಿಲ್ಲ. ಬೆಳಿಗ್ಗೆ ಚಿಂತಾಮಣಿ ಕಡೆ ಹೊರಟರೆ ಸೂರ್ಯ ನೇರ ಕಣ್ಣಿಗೆ. ಎಡಗಡೆ ಕೆಳಗೆ ನೋಟ ಸ್ವಲ್ಪ ಅಲೆಅಲೆಯಾಗಿ ಕಾಣುತ್ತದೆ. ಮೂಲೆಯಲ್ಲಿ ಐಎಸ್‌ಐ ಗುರುತು, ಸೇಫ್ಟಿ ಗಾಜಿನ ಮಾನದಂಡದ ಐಎಸ್ 2553 ನಂಬರ್ ಎರಡೂ ಇವೆ, ಅದನ್ನು ನೋಡಿಯೇ ಒಪ್ಪಿದ್ದೆ. ಹಳೇ ವೈಪರ್ ಬ್ಲೇಡನ್ನೇ ಮುಂದುವರಿಸಿ ಒಂದು ಗೀರು ಬಿದ್ದದ್ದು ಮಾತ್ರ ನನ್ನ ಜಿಪುಣತನ.

ಇನ್ನೊಂದು. ಫಾಸ್ಟ್‌ಟ್ಯಾಗ್ ಹಳೇ ಗಾಜಿನ ಜೊತೆಗೇ ಹೋಗುತ್ತದೆ, ಕಿತ್ತು ಅಂಟಿಸಿದರೆ ಕೆಲಸ ಮಾಡೋದಿಲ್ಲ. ಬ್ಯಾಂಕಿನಿಂದ ಬೇರೆ ತರಿಸಬೇಕು. ನನಗೆ ಇದು ನೆನಪಾದದ್ದು ಬಾಗೇಪಲ್ಲಿ ಟೋಲ್‌ನಲ್ಲಿ, ಡಬಲ್ ದುಡ್ಡು ಎಣಿಸುವಾಗ.