ಸೊಟ್ಟಗಾದ ಎಲ್‌ಪಿ ರೆಕಾರ್ಡಿಗೆ ಯಾವ ಕಾವು ಹಿತ?

ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಹೆಂಚಿನ ಕಾವಿಗೂ ಬಚ್ಚಲೊಲೆಯ ಹೊಗೆಗೂ ಮೈಯೊಡ್ಡಿಕೊಂಡು ಹಲವು ವರ್ಷ ಓರೆಯಾಗಿ ಒರಗಿದ್ದ 23 ಎಲ್‌ಪಿ ರೆಕಾರ್ಡುಗಳನ್ನು ಶಿವಮೊಗ್ಗಕ್ಕೆ ತಂದು ನೋಡಿದಾಗ, ಅವುಗಳಲ್ಲಿ 9 ಸೊಟ್ಟಗಾಗಿದ್ದವು. ಹೆಚ್ಚಿನವು ಬೋಗುಣಿಯಂತೆ ನಡು ತಗ್ಗಿ ಅಂಚು ಎದ್ದವು. ಎರಡಕ್ಕೆ ಮಾತ್ರ ಅಂಚಿನ ಒಂದೇ ಜಾಗದಲ್ಲಿ ಚಿವುಟಿದಂತಹ ಉಬ್ಬು ಬಂದಿತ್ತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು ಹಿಡಿಯುವುದರಿಂದ, ಅಷ್ಟಷ್ಟು ಹೊತ್ತಿಗೊಮ್ಮೆ ಸೂಜಿ ಏರಿಳಿದು, ತಂಬೂರಿಯ ಶ್ರುತಿಯೇ ತೂಗುಯ್ಯಾಲೆಯಾಡುತ್ತಿತ್ತು. ಇವನ್ನು ಸರಿಪಡಿಸಲು ಒಂದೂವರೆ ವರ್ಷದಲ್ಲಿ ನಾನು ಪ್ರಯತ್ನಿಸಿದ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ.

ಎಲ್‌ಪಿಗೆ ಬಳಸುವುದು ಮುಖ್ಯವಾಗಿ ವಿನೈಲ್ ಕ್ಲೋರೈಡ್ ಮತ್ತು ವಿನೈಲ್ ಅಸಿಟೇಟ್ ಸೇರಿದ ಪ್ಲಾಸ್ಟಿಕ್. ಇದು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗತೊಡಗುತ್ತದೆ. ಸೊಟ್ಟ ತೆಗೆಯುವ ಕಾವಿಗೂ, ಸೂಜಿ ಓಡುವ ಗೀರುಗಳನ್ನು ಕೆಡಿಸುವ ಕಾವಿಗೂ ನಡುವೆ ಕೆಲವೇ ಡಿಗ್ರಿಗಳ ಅಂತರವಿರುವುದರಿಂದ, ಅಡುಗೆಮನೆಯ ಅಂದಾಜು ಇಲ್ಲಿ ನಡೆಯುವುದಿಲ್ಲ. 78 ಸುತ್ತಿನ ಹಳೆಯ ಅರಗಿನ ತಟ್ಟೆಗಳ ಲೆಕ್ಕವೇ ಬೇರೆ. ಅವನ್ನು ನಾನು ಮುಟ್ಟಲಿಲ್ಲ.

ಮೊದಲು ಕಾವೇ ಇಲ್ಲದ ದಾರಿಯನ್ನು ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲವಿಡೀ, ಒಂದು ರೆಕಾರ್ಡನ್ನು ಎರಡು ಗಾಜುಗಳ ನಡುವೆ ಇಟ್ಟು ಮೇಲೆ ಕಡಪ ಕಲ್ಲು ಹೇರಿದ್ದೆ. 5 ಮಿಲಿಮೀಟರ್ ಇದ್ದ ಏರು ನಾಲ್ಕೂವರೆಗೆ ಇಳಿಯಿತು. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಬಿಸಿಲು ಖರ್ಚಿಲ್ಲದ್ದು, ಆದರೆ ನಂಬುವಂಥದ್ದಲ್ಲ. ಏಪ್ರಿಲ್‌ನಲ್ಲಿ ಗಾಜುಗಳ ನಡುವೆ ಇಟ್ಟ ಕಪ್ಪು ತಟ್ಟೆ ನೋಡನೋಡುತ್ತಿದ್ದಂತೆ ಕಾಯುತ್ತದೆ. ಮೇಲ್ಮುಖ ಮೊದಲು ಬಿಸಿಯಾಗಿ ಕೆಳಮುಖ ಹಿಂದೆ ಬೀಳುವುದರಿಂದ, ಒಂದು ಬೋಗುಣಿ ನೆಟ್ಟಗಾಗುವ ಬದಲು ಎದುರು ದಿಕ್ಕಿಗೆ ಬಾಗಿತು. ನಮ್ಮ ತೋಟದ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಮನೆ ಇದಕ್ಕಿಂತ ಸೌಮ್ಯವೆಂದು ಭಾವಿಸಿ ಅಲ್ಲಿಯೂ ಒಂದನ್ನು ಇಟ್ಟೆ. ಕಾವೇನೋ ಎರಡೂ ಕಡೆಯಿಂದ ಹದವಾಗಿಯೇ ತಾಗಿ, ಸೊಟ್ಟ ಅರ್ಧಕ್ಕರ್ಧ ಹೋಯಿತು. ಆದರೆ ಗಾಜು ಮುಚ್ಚುವಾಗ ಅಡಿಕೆ ಸಿಪ್ಪೆಯ ಒಂದು ಎಳೆ ಒಳಗೆ ಸೇರಿದ್ದನ್ನು ಗಮನಿಸಲಿಲ್ಲ. ಮೆತ್ತಗಾದ ಗೀರುಗಳಲ್ಲಿ ಅದು ಅಚ್ಚೊತ್ತಿ ಕುಳಿತು, ಇಂದಿಗೂ ಎರಡನೆಯ ಹಾಡಿನ ಉದ್ದಕ್ಕೂ ಸುತ್ತಿಗೊಮ್ಮೆ ‘ಟಿಕ್’ ಎನ್ನುತ್ತದೆ. ಅಂದಿನಿಂದ ರೆಕಾರ್ಡನ್ನೂ ಗಾಜನ್ನೂ ತೊಳೆದು, ಪೂರ್ತಿ ಒಣಗಿಸದೆ ಯಾವ ಕೆಲಸಕ್ಕೂ ಕೈಹಾಕಿಲ್ಲ.

ಅನೇಕರು ಶಿಫಾರಸು ಮಾಡುವ, ಕೇಕು ಬೇಯಿಸುವ ಓಟಿಜಿ ಓವನ್ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಅಪಾಯದ್ದು. 30 ಸೆಂಟಿಮೀಟರ್ ಅಗಲದ ರೆಕಾರ್ಡನ್ನು ಗಾಜುಸಮೇತ ಹಿಡಿಸುವಷ್ಟು ದೊಡ್ಡ ಓವನ್ ಬೇಕು. ಅದು ನೆಂಟರ ಮನೆಯಲ್ಲಿ ಸಿಕ್ಕಿತು. ಆದರೆ ಅದರ ಗುಂಡಿಯ ಮೇಲಿನ ಮೊದಲ ಗುರುತೇ 100 ಡಿಗ್ರಿ. ಬಿಸಿ ಮಾಡಿ, ಆರಿಸಿ, ಉಳಿದ ಕಾವಿನಲ್ಲಿ ಇಡುವ ಉಪಾಯ ಮಾಡಿದರೂ, ಮೇಲಿನ ಕಾಯಿಲ್‌ನ ಝಳ ನೇರವಾಗಿ ತಾಗಿದ ಭಾಗ ಅಳತೆ ಮೀರಿ ಕಾಯ್ದಿತ್ತು. ಹೊರತೆಗೆದಾಗ ತಟ್ಟೆ ಕನ್ನಡಿಯಂತೆ ಸಮವಾಗಿತ್ತು, ನಾನು ಹಿಗ್ಗಿದೆ. ಕೇಳಿದಾಗ ತಾಳದ ಕಿಣಿಕಿಣಿ ಮಾಯವಾಗಿ, ಹಾಡುಗಾರ್ತಿ ಕಂಬಳಿ ಹೊದ್ದು ಹಾಡಿದಂತಿತ್ತು. ಗೀರುಗಳ ಅತಿ ಸಣ್ಣ ಏರಿಳಿತಗಳಲ್ಲಿಯೇ ಮೇಲಿನ ಸ್ವರಗಳ ಹೊಳಪು ಇರುವುದರಿಂದ, ಕಾವು ಮೀರಿದಾಗ ಮೊದಲು ಸಾಯುವುದು ಅದೇ.

ಕೊನೆಗೆ ಕೈಗೆ ಹತ್ತಿದ್ದು ಮನೆಯಲ್ಲೇ ಮಾಡಿಕೊಂಡ ಪೆಟ್ಟಿಗೆ. ಪ್ಲೈವುಡ್ಡಿನ ಪೆಟ್ಟಿಗೆ, ತಳದಲ್ಲಿ 60 ವ್ಯಾಟಿನ ಎರಡು ಬಲ್ಬು, ಅವುಗಳ ಬಿಸಿ ನೇರ ತಾಗದಂತೆ ನಡುವೆ ತಗಡಿನ ಮರೆ, ಗಾಳಿಯಾಡಿಸಲು ಕಂಪ್ಯೂಟರಿನ ಹಳೆಯ ಫ್ಯಾನು, ಮತ್ತು ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗಳಿಗೆ ಹಾಕುವಂಥ, ಕಾವನ್ನು ಗೊತ್ತುಮಾಡಿದಷ್ಟಕ್ಕೇ ನಿಲ್ಲಿಸುವ ಅಗ್ಗದ ಥರ್ಮೋಸ್ಟ್ಯಾಟ್. ಅದರ ಕಾವು ಅಳೆಯುವ ತುದಿಯನ್ನು ಗಾಳಿಯಲ್ಲಿ ತೂಗಹಾಕದೆ ಗಾಜಿಗೇ ಅಂಟಿಸಿದ್ದು ನಾನು ಮಾಡಿದ ಒಂದೇ ಜಾಣತನ. ಗಾಳಿ ಬೇಗ ಕಾಯುತ್ತದೆ, 6 ಮಿಲಿಮೀಟರ್ ದಪ್ಪದ ಗಾಜು ನಿಧಾನವಾಗಿ ಕಾಯುತ್ತದೆ. 52 ಡಿಗ್ರಿಯಲ್ಲಿ ಏನೂ ಆಗಲಿಲ್ಲ. 55ರಲ್ಲಿ ಸ್ವಲ್ಪ ಬಗ್ಗಿತು. 58ರಲ್ಲಿ ಮೂರು ಗಂಟೆ ಇಟ್ಟು, ಬಲ್ಬು ಆರಿಸಿ, ಬೆಳಗಿನವರೆಗೆ ಮುಚ್ಚಳ ತೆರೆಯದೆ ಬಿಟ್ಟಾಗ 5 ಮಿಲಿಮೀಟರಿನ ಬೋಗುಣಿ ಅರ್ಧ ಮಿಲಿಮೀಟರಿಗೆ ಬಂತು. ಅವಸರಪಟ್ಟು, ಬಲ್ಬು ಆರಿಸಿದ ಎರಡೇ ಗಂಟೆಯಲ್ಲಿ ತೆರೆದ ಒಂದು ರೆಕಾರ್ಡು ಸಂಜೆಯ ಹೊತ್ತಿಗೆ ಮತ್ತೆ ಹಪ್ಪಳವಾಯಿತು. ಕಾಯಿಸುವುದಕ್ಕಿಂತ ಆರಲು ಬಿಡುವುದಕ್ಕೇ ಹೆಚ್ಚು ತಾಳ್ಮೆ ಬೇಕು.

ಜಪಾನಿನ ಫ್ಯುರುಟೆಕ್, ಓಆರ್‌ಬಿ ಮೊದಲಾದ ಕಂಪನಿಗಳು ಇದಕ್ಕೆಂದೇ ಯಂತ್ರ ಮಾಡಿವೆ. ಅಂಥದ್ದೊಂದನ್ನು ಬೆಂಗಳೂರಿನ ಪರಿಚಿತರ ಮನೆಯಲ್ಲಿ ಬಳಸಿದಾಗ, ಬೋಗುಣಿಯ ವಿಷಯದಲ್ಲಿ ನನ್ನ ಪೆಟ್ಟಿಗೆಗಿಂತ ಹೆಚ್ಚಿನದೇನೂ ಕಾಣಲಿಲ್ಲ. ಆದರೆ ಚಿವುಟಿದ ಅಂಚು ಅದರಲ್ಲಿ ಮುಕ್ಕಾಲು ಪಾಲು ಸರಿಯಾಯಿತು, ನನ್ನದರಲ್ಲಿ ಕಾಲು ಪಾಲೂ ಆಗಿರಲಿಲ್ಲ. ಹಿತವಾದ ಕಾವು ಕೊಟ್ಟರೆ ನೆಟ್ಟಗಿರುವ ರೆಕಾರ್ಡಿನ ನಾದವೂ ಸುಧಾರಿಸುತ್ತದೆ ಎಂಬ ಮಾತನ್ನು ಪರೀಕ್ಷಿಸಲು, ನನ್ನಲ್ಲಿ ಎರಡೆರಡು ಪ್ರತಿಗಳಿದ್ದ ಒಂದು ವೀಣೆಯ ಎಲ್‌ಪಿಯಲ್ಲಿ ಒಂದನ್ನು ಮಾತ್ರ ಕಾಯಿಸಿ, ಯಾವುದು ಯಾವುದೆಂದು ಹೇಳದೆ ಮಗಳಿಂದ ಹಾಕಿಸಿ ಕೇಳಿದೆ. ಹತ್ತು ಸಲದಲ್ಲಿ ಐದು ಸಲ ಸರಿಯಾಗಿ ಗುರುತಿಸಿದೆ, ಅಂದರೆ ನಾಣ್ಯ ಚಿಮ್ಮಿದರೂ ಅಷ್ಟೇ ಆಗುತ್ತಿತ್ತು.

ಸದ್ಯ 6 ರೆಕಾರ್ಡುಗಳು ನೆಟ್ಟಗಾಗಿವೆ. ಚಿವುಟಿದ ಅಂಚಿನ ಇನ್ನೊಂದಕ್ಕೆ ಬೆಂಗಳೂರಿಗೆ ಹೋಗುವವರೆಗೆ ಬಿಡುವು. ಅದರ ಮೊದಲ ಹಾಡು ಬಿಟ್ಟು, ಎರಡನೆಯದರಿಂದ ಸೂಜಿ ಇಡುತ್ತೇನೆ.