ಮನಿಲಾದ ಎಡ್ಸಾ ಟೂರ್, ಮತ್ತೆ ಅಲ್ಲಿ ಕೇಳಿದ ಸೆನೆಟರ್ ಲೂಗರ್ ಕಥೆ

ಮಗಳು ಅಳಿಯ ಮನಿಲಾದಲ್ಲಿದಾರೆ, ಮೂರು ವಾರ ಅವ್ರ ಮನೇಲಿದ್ದು ಬಂದೆ. ಎಲ್ಲರೂ ನೋಡೋ ಇಂಟ್ರಾಮುರೋಸ್ ಕೋಟೆ, ತಾಲ್ ಸರೋವರ ಎಲ್ಲಾ ಆದ್ಮೇಲೆ ಕೊನೇ ಶನಿವಾರ ಮಗಳು ಒಂದು ಟೂರ್ ಬುಕ್ ಮಾಡಿದ್ಲು, 1986ರಲ್ಲಿ ಜನ ಫಿಲಿಪೈನ್ಸ್ ಅಧ್ಯಕ್ಷ ಮಾರ್ಕೋಸ್‌ನ ಓಡ್ಸಿದ್ರಲ್ಲ, ಆ ಜಾಗಗಳನ್ನ ತೋರ್ಸೋ ಅರ್ಧ ದಿನದ ಟೂರ್, ತಲೆಗೆ 1,800 ಪೆಸೊ, ವ್ಯಾನು ಗೈಡು ಎಲ್ಲಾ ಸೇರಿ. ನಾನು ಹಾಸನ ಜಿಲ್ಲೇಲಿ ಹೈಸ್ಕೂಲ್ ಟೀಚರ್ ಆಗಿದ್ದೋಳು, ರಿಟೈರ್ ಆಗೋ ತನಕ ಎಲೆಕ್ಷನ್ ಡ್ಯೂಟಿ ತಪ್ಪಿದ್ದೇ ಇಲ್ಲ, ಬೂತಿನ ಸಹಾಯಕ ಅಧಿಕಾರಿ (ಎಪಿಆರ್‌ಒ) ಆಗಿ ಶುರು ಮಾಡಿ ಆಮೇಲೆ ಬೂತಿನ ಮುಖ್ಯ ಅಧಿಕಾರಿ (ಪಿಆರ್‌ಒ) ಆಗಿ. ಮತದಾನದ ಸಾಮಾನು ತಗೊಳ್ಳೋ ಮಸ್ಟರಿಂಗ್ ದಿನ ಬೆಳಗ್ಗೆ ಹೊರಟ್ರೆ ಅದನ್ನ ವಾಪಸ್ ಕೊಡೋ ಡಿಮಸ್ಟರಿಂಗ್ ಮುಗ್ಸಿ ಮನೆ ಸೇರೋ ಹೊತ್ತಿಗೆ ಮಾರನೇ ದಿನ ಆಗಿರ್ತಿತ್ತು. ಅದಕ್ಕೇ ಏನೋ ಈ ಟೂರು ನಂಗೆ ಬೇರೆ ಥರಾನೇ ತಾಕ್ತು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಯಾಕೆ ಕಟ್ಟು ಅಂತ ಆಮೇಲೆ ಹೇಳ್ತೀನಿ.

ಗೈಡ್ ಅರವತ್ತರ ಆಸುಪಾಸಿನ ಹೆಂಗಸು. 1986ರ ಎಲೆಕ್ಷನ್ ಟೈಮಲ್ಲಿ ಕಾಲೇಜು ಓದ್ತಾ, ಓಟಿನ ಎಣಿಕೆ ಕಾಯೋ ನಾಮ್‌ಫ್ರೆಲ್ ಅನ್ನೋ ನಾಗರಿಕರ ಸಂಸ್ಥೆಗೆ ಸ್ವಯಂಸೇವಕಿ ಆಗಿದ್ರಂತೆ. ಓದಿ ಹೇಳೋದಕ್ಕೂ ನಿಂತು ಕಂಡು ಹೇಳೋದಕ್ಕೂ ಇರೋ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯ್ತು. ಫೈಲಲ್ಲಿ ಹಳೇ ಫೋಟೊಗಳು, ಬೂತ್ ಲೆಕ್ಕದ ಶೀಟಿನ ಒಂದು ಜೆರಾಕ್ಸು. ಅದನ್ನ ನೋಡಿದ ತಕ್ಷಣ ಇದು ನಮ್ಮ 17ಸಿ ಫಾರ್ಮ್ ಅಲ್ವಾ ಅಂದೆ ಮಗಳಿಗೆ, ನಾವೂ ಪೋಲಿಂಗ್ ಮುಗಿದ್ಮೇಲೆ ಎಷ್ಟು ಓಟು ಬಿತ್ತು ಅಂತ ಬರೆದು ಏಜೆಂಟ್‌ಗಳಿಗೆ ಕಾಪಿ ಕೊಡ್ತೀವಲ್ಲ. ಅಲ್ಲಿ ಬೂತಲ್ಲೇ ಎಣಿಕೆ, ಎಣಿಸಿದ ಶೀಟಿನ ಒಂದು ಕಾಪಿ ನಾಮ್‌ಫ್ರೆಲ್‌ಗೆ. ಮಾರ್ಕೋಸ್ ಮಾಡಿದ ಮೋಸ ಸಿಕ್ಕಿ ಬಿದ್ದಿದ್ದಕ್ಕೆ ಆ ಕಾಪಿಗಳು ಒಂದು ದೊಡ್ಡ ಕಾರಣ.

ಮೊದಲು ಕರ್ಕೊಂಡು ಹೋಗಿದ್ದು ಸಮುದ್ರದ ಕಡೆ ಇರೋ ಪಿಐಸಿಸಿ ಕನ್ವೆನ್ಷನ್ ಸೆಂಟರ್ ಹತ್ರ. 1986ರ ಫೆಬ್ರವರಿ 7ಕ್ಕೆ ಮತದಾನ, ಮಾರ್ಕೋಸ್ ಎದುರು ಕೋರಿ ಅಕಿನೊ, ಅವ್ರ ಗಂಡ, ವಿರೋಧ ಪಕ್ಷದ ನಾಯಕ ನಿನೊಯ್‌ನ 1983ರಲ್ಲಿ ಮನಿಲಾ ಏರ್‌ಪೋರ್ಟಲ್ಲೇ ಗುಂಡಿಟ್ಟು ಕೊಂದಿದ್ರು. ಸರ್ಕಾರಿ ಚುನಾವಣಾ ಆಯೋಗದ ಎಣಿಕೆ ಪಿಐಸಿಸಿ ಒಳಗೆ ನಡೀತಿತ್ತು. 9ನೇ ತಾರೀಕು ರಾತ್ರಿ ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಮೂವತ್ತಕ್ಕೂ ಹೆಚ್ಚು ಜನ, ಅದ್ರಲ್ಲಿ ಹೆಚ್ಚಿನೋರು ಹೆಣ್ಮಕ್ಕಳು, ತಾವು ಹಾಕಿದ ಲೆಕ್ಕಕ್ಕೂ ಬೋರ್ಡ್ ಮೇಲೆ ತೋರಿಸ್ತಿರೋ ಲೆಕ್ಕಕ್ಕೂ ತಾಳೆ ಆಗ್ತಿಲ್ಲ ಅಂತ ಎದ್ದು ಹೊರಗೆ ನಡೆದುಬಿಟ್ರು. ಸರ್ಕಾರದ ಕೆಲಸದಲ್ಲಿದ್ದೋರು, ಮಾರ್ಕೋಸ್ ಇನ್ನೂ ಗದ್ದುಗೆ ಮೇಲೆ, ರಾತ್ರಿ ಹೊತ್ತು. ಎಣಿಕೆ ಕೇಂದ್ರದಲ್ಲಿ ಒಂದು ಸಲ ಆದ್ರೂ ಕೂತಿರೋರಿಗೆ ಹಂಗೆ ಎದ್ದು ಬರೋದಕ್ಕೆ ಎಂಥಾ ಧೈರ್ಯ ಬೇಕು ಅಂತ ಗೊತ್ತಿರತ್ತೆ. ಅವ್ರು ಆಶ್ರಯ ತಗೊಂಡ ಬಕ್ಲಾರನ್ ಚರ್ಚೇ ನಮ್ಮ ಎರಡನೇ ಸ್ಟಾಪು. ಅಲ್ಲಿ ಹಿಂದಿನ ಬೆಂಚಲ್ಲಿ ಐದು ನಿಮಿಷ ಸುಮ್ನೆ ಕೂತಿದ್ದೆ.

ಅಲ್ಲಿಂದ ಎಡ್ಸಾ ರಸ್ತೆ ಹಿಡಿದ್ರೆ ಶನಿವಾರಾನೂ ಟ್ರಾಫಿಕ್ಕು, ನಮ್ಮ ಸಿಲ್ಕ್ ಬೋರ್ಡ್ ಥರ. ಆ ಟ್ರಾಫಿಕ್ಕಲ್ಲೇ ಗೈಡ್ ರಿಚರ್ಡ್ ಲೂಗರ್ ಕಥೆ ಹೇಳಿದ್ರು. ಅಮೆರಿಕದ ಇಂಡಿಯಾನಾ ರಾಜ್ಯದ ಸೆನೆಟರ್, ರಿಪಬ್ಲಿಕನ್ ಪಕ್ಷ, ಆಗ ಸೆನೆಟ್‌ನ ವಿದೇಶಾಂಗ ಸಮಿತಿ ಅಧ್ಯಕ್ಷ. ಈ ಚುನಾವಣೆ ನೋಡೋಕೆ ಆಗಿನ ಅಮೆರಿಕ ಅಧ್ಯಕ್ಷ ರೇಗನ್ ಕಳಿಸಿದ ತಂಡಕ್ಕೆ ಇವ್ರು ಮತ್ತೆ ಡೆಮಾಕ್ರಟಿಕ್ ಪಕ್ಷದ ಜಾನ್ ಮರ್ಥಾ ಇಬ್ರೂ ಮುಖ್ಯಸ್ಥರು. ಅಮೆರಿಕಕ್ಕೆ ಮಾರ್ಕೋಸ್ ಹಳೇ ದೋಸ್ತಿ, ಕ್ಲಾರ್ಕ್, ಸುಬಿಕ್ ಅಂತ ಎರಡು ದೊಡ್ಡ ಮಿಲಿಟರಿ ನೆಲೆ ಇಲ್ಲಿದ್ವು, 1981ರಲ್ಲಿ ಅವ್ರ ಉಪಾಧ್ಯಕ್ಷ ಬುಷ್ ಮನಿಲಾಗೆ ಬಂದು ಮಾರ್ಕೋಸ್‌ನ ಪ್ರಜಾಪ್ರಭುತ್ವ ನಿಷ್ಠೆಯನ್ನ ಹೊಗಳಿ ಹೋಗಿದ್ರು. ಅಂಥಾ ಕಡೆ ಬಂದ ವೀಕ್ಷಕ ಏನೂ ಕಾಣದೋರ ಥರ ವಾಪಸ್ ಹೋಗೋದು ಎಷ್ಟು ಸುಲಭ ಹೇಳಿ. ಲೂಗರ್ ಹಂಗೆ ಮಾಡ್ಲಿಲ್ಲ. ಲಕ್ಷಗಟ್ಟಲೆ ಜನರ ಹೆಸರು ಮತದಾರರ ಪಟ್ಟೀಲೇ ಇಲ್ಲ, ಎಣಿಕೇನ ಬೇಕಂತ್ಲೇ ಎಳೀತಿದಾರೆ, ಇದನ್ನೆಲ್ಲಾ ನೋಡಿ ಮನಿಲಾದಲ್ಲಿರೋವಾಗ್ಲೇ ಅನುಮಾನ ಹೇಳಿದ್ರು.

ಫೆಬ್ರವರಿ 11ಕ್ಕೆ ರೇಗನ್ ಪ್ರೆಸ್ ಮುಂದೆ ಬಂದು ಎರಡೂ ಕಡೆಯಿಂದ ಅಕ್ರಮ ಆಗಿರಬಹುದು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಲೂಗರ್ ತಮ್ಮದೇ ಪಕ್ಷದ ಅಧ್ಯಕ್ಷರ ಮಾತಿಗೆ, ಅಧ್ಯಕ್ಷರಿಗೆ ತಪ್ಪು ಮಾಹಿತಿ ಹೋಗಿದೆ ಅಂತ ಬಹಿರಂಗವಾಗೇ ಕಡ್ಡಿ ಮುರಿದಂಗೆ ಹೇಳಿದ್ರು. ನಾಲ್ಕು ದಿನಕ್ಕೆ ರೇಗನ್ ಮಾತು ತಿರುಗಿ, ಅಕ್ರಮ ಮುಖ್ಯವಾಗಿ ಆಡಳಿತ ಪಕ್ಷದ್ದೇ ಅಂತ ಒಪ್ಪಿಕೊಂಡ್ರು, 19ಕ್ಕೆ ಸೆನೆಟ್ 85–9ರಲ್ಲಿ ಚುನಾವಣೇಲಿ ವ್ಯಾಪಕ ಮೋಸ ಆಗಿದೆ ಅಂತ ನಿರ್ಣಯಾನೇ ಮಾಡ್ತು. ಇಲ್ಲಿ ಫಿಲಿಪೈನ್ಸ್ ಸಂಸತ್ತು ಕೊಟ್ಟ ಲೆಕ್ಕದಲ್ಲಿ ಮಾರ್ಕೋಸ್‌ಗೆ 1 ಕೋಟಿ 8 ಲಕ್ಷ, ಕೋರಿಗೆ 92 ಲಕ್ಷ ಚಿಲ್ರೆ. ನಾಮ್‌ಫ್ರೆಲ್ ತನ್ನ ಕೈಗೆ ಸಿಕ್ಕ ಶೀಟುಗಳಿಂದ ಕೂಡಿದ ಲೆಕ್ಕದಲ್ಲಿ ಕೋರಿ ಸುಮಾರು 78 ಲಕ್ಷ, ಮಾರ್ಕೋಸ್ ಸುಮಾರು 70 ಲಕ್ಷ. ಆ ಎಣಿಕೆ ನಡೆದ ಗ್ರೀನ್‌ಹಿಲ್ಸ್‌ನ ಲಾ ಸಾಲ್ ಸ್ಕೂಲ್ ಜಿಮ್ಮನ್ನ ವ್ಯಾನಿಂದಾನೇ ತೋರಿಸಿದ್ರು, ಇಳಿಸಿದ್ರೆ ಚೆನ್ನಾಗಿತ್ತು.

ಲೂಗರ್ ಬಗ್ಗೆ ಗೈಡ್ ಒಂದು ಮಾತು ಒತ್ತಿ ಹೇಳಿದ್ರು, ಅದು ನಂಗೆ ತುಂಬಾ ಹಿಡಿಸ್ತು. ಮಾರ್ಕೋಸ್‌ನ ಇಳಿಸಿದ್ದು ಅಮೆರಿಕ ಅಲ್ಲ, ಫೆಬ್ರವರಿ 22ರಿಂದ 25ರ ತನಕ ಇದೇ ರಸ್ತೇಲಿ ಟ್ಯಾಂಕ್ ಮುಂದೆ ಕೂತ ನಾವು, ಆದ್ರೆ ಕಳ್ಳತನಾನ ಕಳ್ಳತನ ಅಂತ ಹೊರಗಿನೋರೊಬ್ರು ಹೇಳಿದ್ದು ನಮಗೆ ಬಲ ಕೊಡ್ತು ಅಂತ. ಇದಕ್ಕಿಂತ ನ್ಯಾಯವಾಗಿ ಹೇಳೋಕಾಗಲ್ಲ.

ಎಡ್ಸಾ ಶ್ರೈನು, ಆಮೇಲೆ ಪೀಪಲ್ ಪವರ್ ಸ್ಮಾರಕ, ಎರಡೂ ನೋಡ್ಬೇಕಾದ್ದೇ, ಆದ್ರೆ ಮನಸ್ಸಲ್ಲಿ ಕೂತಿರೋದು ಕೊನೇ ಸ್ಟಾಪು, ಕೆಸೋನ್ ಸಿಟಿಯ ಬಂತಾಯೋಗ್ ನಾಂಗ್ ಮಂಗಾ ಬಯಾನಿ. ಮಾರ್ಕೋಸ್ ಆಡಳಿತದ ವಿರುದ್ಧ ನಿಂತೋರ ಹೆಸರುಗಳನ್ನ ಕಪ್ಪು ಗ್ರಾನೈಟ್ ಗೋಡೆ ಮೇಲೆ ಕೆತ್ತಿದಾರೆ. ಗೈಡ್ ಎವೆಲಿಯೊ ಹಾವಿಯೆರ್ ಅನ್ನೋ ಹೆಸರಿನ ಮೇಲೆ ಬೆರಳಿಟ್ರು. ಆಂತೀಕೆ ಪ್ರಾಂತ್ಯದ ಮಾಜಿ ಗವರ್ನರ್, ಕೋರಿ ಪರ ನಿಂತು ಎಣಿಕೆ ಕಾಯ್ತಿದ್ದೋರು, ಗುಂಡಿಟ್ಟು ಕೊಂದ್ರು. ಯಾವಾಗ ಅಂದ್ರೆ ಫೆಬ್ರವರಿ 11. ವಾಷಿಂಗ್ಟನ್‌ನಲ್ಲಿ ಎರಡೂ ಕಡೆ ತಪ್ಪು ಅನ್ನೋ ಮಾತು ಬಂದ ಅದೇ ತಾರೀಕು! ಮೈ ಜುಮ್ಮಂತು. ಓಟಿನ ಲೆಕ್ಕ ಬೇರೆ ಮಾನವ ಹಕ್ಕು ಬೇರೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ, ಎಣಿಕೆ ಕಾಯೋಕೆ ನಿಂತೋನ ಜೀವ ಹೋಗತ್ತೆ ಅಂದ್ರೆ ಎರಡೂ ಒಂದೇ ಅಲ್ವಾ. 1972ರಲ್ಲಿ ಹೇರಿದ ಮಿಲಿಟರಿ ಕಾನೂನಿನ ಕಾಲದಿಂದ 1986ರ ತನಕ ಹಿಂಸೆ ಅನುಭವಿಸಿದೋರಿಗೆ ಪರಿಹಾರ ಕೊಡೋಕೆ 2013ರಲ್ಲಿ ಒಂದು ಕಾನೂನು ಬಂತು, ಅದರಡಿ 11,103 ಜನರನ್ನ ಸರ್ಕಾರಾನೇ ಸಂತ್ರಸ್ತರು ಅಂತ ಒಪ್ಕೊಂಡಿದೆ.

ಈಗ ಆ ಅರ್ಧ ಮಾರ್ಕಿನ ವಿಷಯ. ಬಂತಾಯೋಗ್‌ನಲ್ಲಿ ಮ್ಯೂಸಿಯಂ ಇದೆ, ಟೂರಲ್ಲಿ ಅದು ಸೇರಿಲ್ಲ, ಗೋಡೆ ತೋರಿಸಿ ವ್ಯಾನ್ ಹತ್ತಿಸ್ತಾರೆ. ಆಮೇಲೆ ಅವ್ರು ಕೊಡೋ ಕರಪತ್ರದಲ್ಲಿ ಲೂಗರ್ ಹೆಸರು ಒಂದೇ ಒಂದು ಸಾಲು. ರಾತ್ರಿ ಊಟ ಆದ್ಮೇಲೆ ಅಳಿಯ ಹುಡುಕಿ ಓದಿ ಹೇಳಿದಾಗ್ಲೇ ಉಳಿದಿದ್ದು ಗೊತ್ತಾಗಿದ್ದು. ಅದೇ 1986ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಮೇಲೆ ನಿರ್ಬಂಧ ಹಾಕೋ ಮಸೂದೆಗೆ ರೇಗನ್ ವೀಟೊ ಹಾಕಿದ್ರೆ, ಲೂಗರ್ ಮುಂದೆ ನಿಂತು ಅಕ್ಟೋಬರ್‌ನಲ್ಲಿ ಸೆನೆಟಲ್ಲಿ 78–21ರಿಂದ ಆ ವೀಟೊ ಬೀಳಿಸಿದ್ರು. 2004ರ ನವೆಂಬರ್‌ನಲ್ಲಿ ಉಕ್ರೇನ್‌ಗೆ ಆಗಿನ ಅಧ್ಯಕ್ಷ ಬುಷ್ (ಮೇಲೆ ಹೇಳಿದ ಬುಷ್‌ರ ಮಗ) ಪ್ರತಿನಿಧಿಯಾಗಿ ಹೋಗಿ, ಸರ್ಕಾರದೋರ ಕೈವಾಡ ಅಥವಾ ಸಹಕಾರದಿಂದ ಸಂಘಟಿತವಾಗಿ ಚುನಾವಣಾ ಮೋಸ ನಡೆದಿದೆ ಅಂತ ಮತದಾನದ ಮಾರನೇ ದಿನವೇ ಕೀವ್‌ನಲ್ಲಿ ಹೇಳಿದ್ರು. ಅಲ್ಲೂ ಜನ ಬೀದಿಗಿಳಿದ್ರು, ಸುಪ್ರೀಂ ಕೋರ್ಟ್ ಫಲಿತಾಂಶ ರದ್ದು ಮಾಡ್ತು, ಡಿಸೆಂಬರ್ 26ಕ್ಕೆ ಮರುಮತದಾನ ಆಗಿ ವಿರೋಧ ಪಕ್ಷದ ಯುಶ್ಚೆಂಕೊ ಗೆದ್ರು. ಇದೆಲ್ಲಾ ಮಾಡಿದ ಮನುಷ್ಯ 2012ರಲ್ಲಿ ಸ್ವಂತ ಪಕ್ಷದ ಅಭ್ಯರ್ಥಿ ಆರಿಸೋ ಪ್ರೈಮರಿ ಚುನಾವಣೇಲೇ ಸೋತ್ರು, 2019ರಲ್ಲಿ ತೀರ್ಕೊಂಡ್ರು. ಟೂರ್‌ನೋರು ಇದನ್ನ ಅರ್ಧ ಪುಟ ಆದ್ರೂ ಹಾಕ್ಬೇಕು, ಗೈಡ್‌ಗೂ ಇದನ್ನೇ ಮೆಸೇಜ್ ಮಾಡಿದೀನಿ.

ಹೋಗೋರಿಗೆ ಒಂದೆರಡು ವಿಷಯ. ಬುಧವಾರ ಬುಕ್ ಮಾಡ್ಬೇಡಿ, ಅವತ್ತು ಬಕ್ಲಾರನ್‌ನಲ್ಲಿ ನೊವೇನಾ ಪ್ರಾರ್ಥನೆ, ಕಾಲಿಡೋಕೆ ಜಾಗ ಇರಲ್ಲ. ಬೆಳಗಿನ ಬ್ಯಾಚೇ ತಗೊಳಿ, ಸ್ಮಾರಕದ ಹತ್ರ ನೆರಳಿಲ್ಲ. ನಾವು ಚಪಾತಿ ಪಲ್ಯ ಕಟ್ಕೊಂಡು ಹೋಗಿದ್ವಿ, ದಾರೀಲಿ ವೆಜ್ ಸಿಗೋದು ಕಷ್ಟ. ಇಂಗ್ಲಿಷ್ ಅಷ್ಟಾಗಿ ಬರದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳ್ತಾ ಹೋಗಿ, ಗೈಡ್ ನಿಲ್ಲಿಸಿ ನಿಲ್ಲಿಸಿ ಮಾತಾಡ್ತಾರೆ, ಅನುವಾದಕ್ಕೆ ಟೈಮ್ ಕೊಡ್ತಾರೆ.