ಬಿ.ಎಚ್. ರೋಡ್ ಹತ್ರದ ಕರೋಕೆ ರೂಮು: ಕಿರುಚಿದೋನಿಗೆ 94, ನನಗೆ 61

ಹೋದ ಭಾನುವಾರ ನಾವು ಆರು ಜನ ತುಮಕೂರಲ್ಲಿ ಬಿ.ಎಚ್. ರೋಡ್ ಹತ್ರ ಹೊಸದಾಗಿ ಆಗಿರೋ ಒಂದು ಕರೋಕೆ ರೂಮಿಗೆ ಹೋಗಿದ್ವಿ (ಹಾಡಿನ ಮ್ಯೂಸಿಕ್ ಟ್ರ್ಯಾಕ್ ಹಾಕ್ತಾರೆ, ಮೈಕ್ ಹಿಡಿದು ನಾವೇ ಹಾಡ್ಬೇಕು, ಮಿಷಿನ್ ಮಾರ್ಕ್ಸ್ ಕೊಡುತ್ತೆ). ಹೆಸರು ಹಾಕಲ್ಲ, ಪಾಪ ಹುಡುಗ್ರು ಈಗಷ್ಟೇ ಬಂಡವಾಳ ಹಾಕವ್ರೆ. ಗಂಟೆಗೆ 500, ಎಸಿ ಚೆನ್ನಾಗಿದೆ, ಹಳೇ ಕನ್ನಡ ಹಾಡುಗಳು ನಾನ್ ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಇವೆ. ತಕರಾರು ಇರೋದು ಸೌಂಡಿಂದು.

ನಮ್ಮ ಗುಂಪಲ್ಲಿ ಒಬ್ಬ ಇದಾನೆ, ಸಿ. ಅಶ್ವತ್ಥ್ ಭಕ್ತ, ಮೈಕ್ ಹಿಡಿದ ಅಂದ್ರೆ ಕುತ್ತಿಗೆ ನರ ಉಬ್ಬುತ್ತೆ. ಅಶ್ವತ್ಥ್ ಎಷ್ಟು ಮೇಲಕ್ಕೆ ಹೋದ್ರೂ ಸಾಹಿತ್ಯದ ಒಂದಕ್ಷರ ಮುಕ್ಕಾಗ್ತಿರ್ಲಿಲ್ಲ, ಇವನು ಅಕ್ಷರ ಬಿಟ್ಟು ಬರೀ ಕೂಗು ಇಟ್ಕೊಂಡಿದಾನೆ. ಸ್ಕ್ರೀನಲ್ಲಿ 94, ಮೇಲೆ ಪಟಾಕಿ ಸೌಂಡ್ ಬೇರೆ! ಆಮೇಲೆ ನಾನು ಪಿ.ಬಿ. ಶ್ರೀನಿವಾಸ್ ಹಾಡು ತಗೊಂಡೆ, ಅದನ್ನ ಪಕ್ಕದಲ್ಲಿ ಕೂತೋರಿಗೆ ಹೇಳ್ದಂಗೆ ಹಾಡ್ಬೇಕು, ಕೆಳಗಿನ ಸ್ವರಕ್ಕೆ ಇಳಿದಾಗ ಉಸಿರು ತಡೆದು ತಡೆದು ಬಿಡ್ಬೇಕು, ನನ್ನ ಕೇಳಿದ್ರೆ ಕೂಗೋದಕ್ಕಿಂತ ಅದೇ ಕಷ್ಟ. ಬಂದಿದ್ದು 61. "ದಮ್ಮೇ ಇಲ್ವಲ್ಲೋ ಗುರು" ಅಂದ್ರು.

ನಮ್ಮ ತಾತ ಗುಬ್ಬಿ ಕಡೆಯೋರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ನಾಟಕಗಳ ಕಥೆ ಕೇಳ್ಕೊಂಡೇ ನಾನು ಬೆಳೆದಿದ್ದು. ಮೈಕ್ ಇಲ್ಲದ ಕಾಲದಲ್ಲಿ ಕೊನೇಲಿ ನೆಲದ ಮೇಲೆ ಕೂತೋನಿಗೂ ಕೇಳ್ಬೇಕಲ್ಲ, ಅದಕ್ಕೇ ಹಾರ್ಮೋನಿಯಂ ಏರು ಶ್ರುತಿಗೆ ಇಟ್ಟು ಗಂಟಲು ಬಿಟ್ಟು ಹಾಡೋರು, ಜನ ವನ್ಸ್ ಮೋರ್ ಅನ್ನೋರು. ಅಲ್ಲಿ ಕೂಗಿದ್ರೇನೇ ಹೊಟ್ಟೆಪಾಡು. ಆದ್ರೆ ಅದೇ ಕಂಪನಿ ರಂಗದಿಂದ ಬಂದ, ಅಂಥಾ ಗಂಟಲಿದ್ದ ರಾಜ್‌ಕುಮಾರ್‌ಗೆ ಸಿನಿಮಾದಲ್ಲಿ ವರ್ಷಗಟ್ಲೆ ದನಿ ಕೊಟ್ಟಿದ್ದು ಈ ಮೆತ್ತನೆ ಪಿಬಿಎಸ್ಸೇ, ಅಣ್ಣಾವ್ರು ತಮ್ಮ ಹಾಡು ಖಾಯಮ್ಮಾಗಿ ತಾವೇ ಹಾಡ್ಕೊಳ್ಳೋಕೆ ಶುರು ಮಾಡಿದ್ದು 1974ರಿಂದ ಈಚೆಗೆ. ಅವತ್ತು ಯಾರೂ ದಮ್ ಇಲ್ಲ ಅನ್ಲಿಲ್ಲ ನೋಡಿ.

ಸರಿ, ರೂಮಿನ ವಿಷ್ಯ. ನೋಡಿದ್ರೆ ಟ್ರ್ಯಾಕ್ ವಾಲ್ಯೂಮ್ ಫುಲ್, ಮೈಕ್ ಗೇನ್ (ಮೈಕ್ ನಮ್ಮ ದನಿನ ಎಷ್ಟು ಎತ್ತಿ ತಗೊಳ್ಳುತ್ತೆ ಅನ್ನೋದು) ಕಮ್ಮಿ, ಎಕೋ ಮಾತ್ರ ಬಾವಿಲಿ ಬಿದ್ದಂಗೆ. ಮೆಲ್ಲಗೆ ಹಾಡೋರ ದನಿ ಟ್ರ್ಯಾಕಲ್ಲೇ ಮುಳುಗೋಗುತ್ತೆ, ಮಿಷಿನ್ನಿಗೆ ಸ್ವರ ಸಿಕ್ಕಿದ್ರೆ ತಾನೆ ಮಾರ್ಕ್ಸು? ಹುಡುಗನ್ನ ಕರೆದು ಟ್ರ್ಯಾಕ್ ಇಳಿಸ್ಸಿ, ಗೇನ್ ಏರಿಸ್ಸಿ, ಎಕೋ ಅರ್ಧ ಮಾಡ್ಸಿ, ಮೈಕ್‌ನ ತುಟಿಯಿಂದ ಎರಡು ಬೆರಳು ದೂರದಲ್ಲಿ ಸ್ವಲ್ಪ ಓರೆ ಹಿಡ್ಕೊಂಡೆ (ನೇರ ಹಿಡಿದ್ರೆ ಪ, ಬ ಬಂದಾಗೆಲ್ಲ ಡಬ್ ಡಬ್ ಅನ್ನುತ್ತೆ). ಹತ್ರ ಹಿಡಿದಷ್ಟೂ ಬೇಸ್ ತುಂಬ್ಕೊಳ್ಳುತ್ತೆ, ಸಣ್ಣ ದನಿಗೂ ಒಂದು ಮೈ ಬರುತ್ತೆ. ಅದೇ ಹಾಡು, 83! ಆಮೇಲೆ ನಮ್ಮ ಅಶ್ವತ್ಥ್ ಭಕ್ತ ಅದೇ ಸೆಟ್ಟಿಂಗಲ್ಲಿ ಮೈಕ್ ಬಾಯಿಗೆ ತುರುಕ್ಕೊಂಡು ಶುರು ಹಚ್ಕೊಂಡ, ಸ್ಪೀಕರ್ ಕುಂಯ್ ಅಂತು, ಎಲ್ರೂ ಕಿವಿ ಮುಚ್ಕೊಂಡ್ವಿ. ಅವನಂಥೋರು ಒಂದು ಗೇಣು ದೂರ ಹಿಡೀಬೇಕು, ಇದನ್ನ ಆ ಹುಡುಗನೇ ಮೊದ್ಲು ಹೇಳ್ಬೇಕಿತ್ತು.

ಐದಕ್ಕೆ ಮೂರು ಸ್ಟಾರ್. ಇನ್ನೊಂದ್ಸಲ ಹೋಗ್ತೀನಿ, ಆದ್ರೆ ವಾರದ ಮಧ್ಯೆ, ಭಾನುವಾರ ಪಕ್ಕದ ರೂಮಿನ ಗಲಾಟೆನೂ ಕೇಳ್ಸುತ್ತೆ. ಬಂದ ತಕ್ಷಣ ಸೆಟ್ಟಿಂಗ್ ಬದಲಾಯಿಸ್ಕೊಳ್ಳಿ, ಹುಡುಗ್ರು ಬೇಜಾರ್ ಮಾಡ್ಕೊಳ್ಳಲ್ಲ. ಮುಗಿಸ್ಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದ್ವಿ, 94 ತಗೊಂಡೋನು ದನಿ ಕೂತೋಗಿ ಎರಡು ಇಡ್ಲಿ ಅಂತ ಬೆರಳಲ್ಲಿ ತೋರಿಸ್ತಿದ್ದ.